ಸುಟ್ಟ ಎಲ್‌ಇಡಿಯೂ ಒಂದು ಪಾಠ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಆಡಿದ ಮಾತುಗಳು)

 

ಈ ವರ್ಷ ನಾವು ಶುಲ್ಕ, ಪುಸ್ತಕಗಳ ಜೊತೆಗೆ ಎಲೆಕ್ಟ್ರಾನಿಕ್ಸ್ ಕಿಟ್‌ಗಳನ್ನೂ ಕೊಟ್ಟೆವು. ಮಕ್ಕಳು ಮಾಡಿದ್ದು ನೀರಿನ ಟ್ಯಾಂಕಿನ ಅಲಾರಂ. 9 ವೋಲ್ಟ್ ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ರೆಸಿಸ್ಟರ್, ಬಜರ್ ಮತ್ತು ತಂತಿ, ಇಷ್ಟೇ ಸಾಮಾನು. ನೀರು ಏರಿ ಎರಡು ತಂತಿಗಳನ್ನೂ ಮುಟ್ಟಿದರೆ ಅದರ ಮೂಲಕ ಅತಿ ಸಣ್ಣ ಕರೆಂಟು ಹರಿಯುತ್ತದೆ. ಆ ಸಣ್ಣ ಕರೆಂಟಿನಿಂದಲೇ ಟ್ರಾನ್ಸಿಸ್ಟರ್ ಬಜರ್ ಕೂಗಿಸುತ್ತದೆ. ನಡುರಾತ್ರಿ ನಲ್ಲಿ ಬರುವ ಮನೆಯಲ್ಲಿ ಟ್ಯಾಂಕು ತುಂಬುವವರೆಗೆ ಅಮ್ಮ ಎದ್ದು ಕಾಯಬೇಕಿಲ್ಲ.

"ಮಕ್ಕಳು ಸಾಮಾನು ಸುಟ್ಟುಹಾಕುವುದಿಲ್ಲವೇ?" ಎಂದು ಕೆಲವರು ಕೇಳಿದರು. ಸುಟ್ಟಿದ್ದಾರೆ. ರೆಸಿಸ್ಟರ್ ಇಲ್ಲದೆ 9 ವೋಲ್ಟಿಗೆ ಜೋಡಿಸಿದ ಕೆಂಪು ಎಲ್‌ಇಡಿ ಉಳಿಯುವುದಿಲ್ಲ. 470 ಓಮ್ ರೆಸಿಸ್ಟರ್ ಸೇರಿಸಿದರೆ ಕರೆಂಟು ಸುಮಾರು 15 ಮಿಲಿಆಂಪಿಯರ್‌ಗೆ ಇಳಿದು ದೀಪ ನೆಮ್ಮದಿಯಾಗಿ ಉರಿಯುತ್ತದೆ. ಬಾಯಿಪಾಠವಾಗಿದ್ದ ಓಮ್‌ನ ನಿಯಮ ಮಕ್ಕಳಿಗೆ ಅರ್ಥವಾದದ್ದು ಅಂದೇ.

ದಾನಿಗಳೇ, ಸುಟ್ಟ ಬಿಡಿಭಾಗಗಳ ಖರ್ಚನ್ನೂ ಲೆಕ್ಕಪತ್ರದಲ್ಲಿ ತೋರಿಸಿದ್ದೇವೆ. ಅದನ್ನು ನಷ್ಟವೆಂದು ಓದಬೇಡಿ. ಪೋಷಕರೇ, ಹೆಣ್ಣುಮಕ್ಕಳ ಕೈಗೂ ಕಿಟ್ ಕೊಡಿ. ಬ್ಯಾಟರಿಯಲ್ಲಿ ಎಷ್ಟಾದರೂ ಪ್ರಯೋಗ ಮಾಡಲಿ. ಗೋಡೆಯ ಪ್ಲಗ್ಗಿನ ತಂಟೆಗೆ ಮಾತ್ರ ಹೋಗದಿರಲಿ.

ನಿಮ್ಮೆಲ್ಲರ ದುಆ ಈ ಮಕ್ಕಳ ಮೇಲಿರಲಿ.