ಮೂತ್ರಪಿಂಡದ ಗಾಯ ಮಾಯುತ್ತದೆಯೇ?

ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ಕಣಗಳು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನೇ ಕೊಲ್ಲುತ್ತವೆ. ಮೂತ್ರಪಿಂಡದ ಮೇಲೆ ಅವುಗಳ ನೇರ ದಾಳಿಯಿಲ್ಲ. ಅಲ್ಲಿ ಹಾನಿ ಮಾಡುವುದು ವರ್ಷಗಟ್ಟಲೆ ಏರಿಯೇ ಇರುವ ರಕ್ತದ ಸಕ್ಕರೆ. 1922ರಲ್ಲಿ ಇನ್ಸುಲಿನ್ ಚುಚ್ಚುಮದ್ದು ಬಂದು ಈ ರೋಗಿಗಳು ದಶಕಗಳ ಕಾಲ ಬದುಕತೊಡಗಿದ ಮೇಲೆಯೇ ಈ ತೊಡಕು ಅವರಲ್ಲಿ ಎದ್ದು ಕಂಡಿತು.

ರಕ್ತ ಸೋಸುವ ಸಣ್ಣ ನಾಳಗಳ ಗೊಂಚಲಿಗೆ ಗ್ಲೊಮೆರುಲಸ್ ಎಂದು ಹೆಸರು. ಮೊದಲು ಅದರ ತಳಪೊರೆ ದಪ್ಪವಾಗುತ್ತದೆ. ನಾಳಗಳ ನಡುವಿನ ಮೆಸಾಂಜಿಯಂ ಹಿಗ್ಗಿ ಸೋಸುವ ಜಾಗವನ್ನು ಆಕ್ರಮಿಸುತ್ತದೆ. ಮೂತ್ರಕ್ಕೆ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತದೆ, ರಕ್ತದೊತ್ತಡ ಏರುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಹೆಚ್ಚುವ ಹೊತ್ತಿಗೆ ಸೋಸುವ ಶಕ್ತಿ ಸಾಕಷ್ಟು ಕುಂದಿರುತ್ತದೆ; ಕೊನೆಗೆ ಉಳಿಯುವುದು ಡಯಾಲಿಸಿಸ್ ಅಥವಾ ಕಸಿ. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಈ ಹಾನಿ ಕಡಿಮೆಯಾಗುತ್ತದೆ ಎಂಬುದನ್ನು ಅಮೆರಿಕ ಮತ್ತು ಕೆನಡಾದ 1,441 ರೋಗಿಗಳ ಅಧ್ಯಯನ 1993ರಲ್ಲಿ ತೋರಿಸಿಕೊಟ್ಟಿತು.

ತಡೆಯಬಹುದು, ನಿಧಾನಗೊಳಿಸಬಹುದು, ಆದರೆ ಒಮ್ಮೆ ಕೆಟ್ಟ ಗ್ಲೊಮೆರುಲಸ್ ಮತ್ತೆ ಸರಿಹೋಗದು ಎಂಬುದು ಬಹುಕಾಲದ ನಂಬಿಕೆ. ಅದನ್ನು ಅಲುಗಾಡಿಸಿದ್ದು ಪಾವೊಲಾ ಫಿಯೊರೆಟ್ಟೊ, ಮೈಕೆಲ್ ಮಾವರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ಮಿನೆಸೋಟಾದಲ್ಲಿ ಮೇದೋಜೀರಕ ಗ್ರಂಥಿಯ ಕಸಿ ಮಾತ್ರ ಮಾಡಿಸಿಕೊಂಡಿದ್ದ 8 ಜನರ ಸ್ವಂತ ಮೂತ್ರಪಿಂಡಗಳನ್ನು ಅವರು ಬಯಾಪ್ಸಿಯಿಂದ ಪರೀಕ್ಷಿಸಿದರು. ಸಕ್ಕರೆ ಸಹಜ ಮಟ್ಟಕ್ಕೆ ಬಂದು 5 ವರ್ಷ ಕಳೆದರೂ ಗಾಯಗಳು ಸುಧಾರಿಸಿರಲಿಲ್ಲ. 10ನೇ ವರ್ಷದ ಬಯಾಪ್ಸಿಯಲ್ಲಿ ತಳಪೊರೆ ತೆಳುವಾಗಿತ್ತು, ಮೆಸಾಂಜಿಯಂ ಕುಗ್ಗಿತ್ತು. ಐದನೇ ವರ್ಷಕ್ಕೇ ಸಾಕೆನಿಸಿ ನಿಲ್ಲಿಸಿದ್ದರೆ ಹಳೆಯ ನಂಬಿಕೆಗೆ ಪುರಾವೆ ಸಿಕ್ಕಂತಾಗುತ್ತಿತ್ತು. ಈ ವಿಷಯದಲ್ಲಿ ಇಷ್ಟು ದೊಡ್ಡ ಮಾತನ್ನು ಇಷ್ಟು ಕಡಿಮೆ ಜನರಿಂದ ಹೊರಡಿಸಿದ ಅಧ್ಯಯನ ಅಪರೂಪ.

ಆಕ್ಷೇಪಗಳೂ ಗಟ್ಟಿಯಾಗಿಯೇ ಇವೆ. ಆ ಎಂಟು ಮಂದಿಯ ಮೂತ್ರಪಿಂಡಗಳು ವೈಫಲ್ಯದ ಹಂತ ಮುಟ್ಟಿರಲಿಲ್ಲ. ಕಸಿಯನ್ನು ಕಾಪಾಡುವ ಸೈಕ್ಲೊಸ್ಪೊರಿನ್ ತಾನೇ ಮೂತ್ರಪಿಂಡಕ್ಕೆ ಹಾನಿಕರ. ಎಲ್ಲಕ್ಕಿಂತ ಕಾಡುವ ಸಂಗತಿ ಬೇರೆ: ಗ್ಲೊಮೆರುಲಸ್‌ನ ರಚನೆ ಸುಧಾರಿಸಿತು, ಆದರೆ ಕಸಿಯ ನಂತರ ಇಳಿದಿದ್ದ ಸೋಸುವ ಪ್ರಮಾಣ ಮತ್ತೆ ಏರಲಿಲ್ಲ. ಇದು ಔಷಧದ ಪರಿಣಾಮವೇ, ರೋಗದ ಉಳಿಕೆಯೇ? ರಚನೆ ಮರಳಿದರೆ ಸಾಕೇ, ಕೆಲಸವೂ ಮರಳಿದಾಗಲೇ ಗಾಯ ಮಾಯಿತೆನ್ನಬೇಕೇ? ಕಸಿಯಿಲ್ಲದೆ, ಇನ್ಸುಲಿನ್ ಪಂಪ್‌ನಿಂದಲೇ ಹತ್ತು ವರ್ಷ ಸಕ್ಕರೆಯನ್ನು ಅಷ್ಟೇ ಸಮವಾಗಿಟ್ಟರೆ ಇದೇ ಫಲ ಸಿಕ್ಕೀತೇ?