ಹೂವು ಕಾಳಾಗುವ ದಾರಿ

(ನೀಲಗುಂದದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಸೂರ್ಯಕಾಂತಿ ಬೆಳೆದವರೆಲ್ಲರೂ ಒಂದು ನಿರಾಸೆಯನ್ನು ಬಲ್ಲರು. ತೆನೆ ತಟ್ಟೆಯಷ್ಟು ಅಗಲವಿರುತ್ತದೆ. ಬಡಿದು ತೂರಿದರೆ ಬಹುಪಾಲು ಜೊಳ್ಳು. ಕೂಡಲೇ ನಾವು ಅಂಗಡಿಗೆ ಹೋಗಿ ಹಾರ್ಮೋನು ಕೇಳುತ್ತೇವೆ. ಆದರೆ ಹಾರ್ಮೋನು ಗಿಡದೊಳಗೆ ಮಾಡುವ ಕೆಲಸವೇನು?

ಆಕ್ಸಿನ್, ಜಿಬ್ಬರೆಲಿನ್, ಎಥಿಲೀನ್ ಮೊದಲಾದ ಹಾರ್ಮೋನುಗಳು ಗಿಡದ ಒಂದು ಭಾಗದ ಸುದ್ದಿಯನ್ನು ಮತ್ತೊಂದು ಭಾಗಕ್ಕೆ ಮುಟ್ಟಿಸುತ್ತವೆ. ಕೋಶದೊಳಗೆ ಸೇರಿದ ಆಕ್ಸಿನ್ ತಾನಾಗಿ ಹೊರಬರುವುದು ಕಷ್ಟ. ಪೊರೆಯಲ್ಲಿ ಬಾಗಿಲಿನಂತಿರುವ ಸಾಗಣೆ ಪ್ರೋಟೀನುಗಳು ಅದನ್ನು ಹೊರಗೆ ಕಳುಹಿಸುತ್ತವೆ. ಬಾಗಿಲು ಕೋಶದ ಯಾವ ಬದಿಗಿದೆಯೋ ಸುದ್ದಿ ಆ ದಿಕ್ಕಿಗೆ ಹರಿಯುತ್ತದೆ. ಇವುಗಳಲ್ಲಿ ಒಂದರ ಹೆಸರು 'ಪಿನ್'. ಸಾಸಿವೆಯ ಬಳಗದ ಒಂದು ಸಣ್ಣ ಸಸ್ಯದಲ್ಲಿ ಇದು ಕೆಟ್ಟಾಗ, ಹೂವಿಲ್ಲದ ಬೋಳು ಕಾಂಡ ಗುಂಡುಸೂಜಿಯಂತೆ ನಿಲ್ಲುತ್ತದೆ. ಇದಕ್ಕೆ ಕಾರಣವಾದ ಜೀನನ್ನು ವಿಜ್ಞಾನಿಗಳು 1998ರಲ್ಲಿ ಗುರುತಿಸಿದರು.

ಪರಾಗ ಬಿದ್ದು ಬೀಜ ಗರ್ಭಕಟ್ಟಿದ ಮೇಲೆ ಎಳೆಯ ಬೀಜದಲ್ಲಿ ಆಕ್ಸಿನ್ ಹೆಚ್ಚುತ್ತದೆ. ಅದು ಅಂಡಾಶಯಕ್ಕೆ 'ಬೆಳೆ' ಎಂದು ಹೇಳುವ ಸುದ್ದಿ. ತೊಟ್ಟಿನ ಕಡೆಗೆ ಹರಿಯುವ ಆಕ್ಸಿನ್ ಉದುರುವಿಕೆಯನ್ನು ತಡೆಯುತ್ತದೆ. ಹರಿವು ಕುಂದಿದರೆ ಎಥಿಲೀನ್ ಮೇಲುಗೈ ಪಡೆಯುತ್ತದೆ. ಹತ್ತಿಯ ಮೊಗ್ಗು, ಕಾಯಿ ಉದುರುವಲ್ಲಿಯೂ ಇದರ ಪಾತ್ರವಿದೆ. ಸಿಂಪಡಿಸುವ ಔಷಧಿ ಕೆಲಕಾಲ ಈ ಸುದ್ದಿಯನ್ನು ಅನುಕರಿಸಬಹುದು, ಪರಾಗವನ್ನು ತರಲಾರದು.

ಪರಾಗ ತರುವವರು ಜೇನ್ನೊಣಗಳು. ಅವುಗಳನ್ನು ಕರೆಯುವುದಕ್ಕೂ ಸಾಗಣೆ ಪ್ರೋಟೀನೇ ಬೇಕು. 'ಸ್ವೀಟ್-9' ಎಂಬ ಪ್ರೋಟೀನು ಮಕರಂದದ ಗ್ರಂಥಿಯಿಂದ ಸಕ್ಕರೆಯನ್ನು ಹೊರಬಿಡುತ್ತದೆ. ಅದನ್ನು ಕಳೆದುಕೊಂಡ ಗಿಡಗಳಲ್ಲಿ ಮಕರಂದವೇ ಸುರಿಯಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಗಿಡ ತನ್ನ ಅನ್ನದಲ್ಲಿ ಒಂದು ಪಾಲನ್ನು ಅತಿಥಿಗೆ ಎತ್ತಿಡುತ್ತದೆ. ಆ ಅತಿಥಿಯನ್ನು ಕೊಲ್ಲುತ್ತಿರುವವರು ನಾವು.

ನೀರು, ಬೋರಾನ್ ಕೊರತೆಯಿಂದಲೂ ಕಾಳು ಜೊಳ್ಳಾಗುತ್ತದೆ, ಅದನ್ನೂ ಪರೀಕ್ಷಿಸಿರಿ. ಈಗಿನ ಸಂಕರ ತಳಿಗಳು ಸ್ವಪರಾಗದಿಂದಲೂ ಕಾಳು ಕಟ್ಟುವುದುಂಟು. ಆದರೂ ಜೇನು ಬಂದ ಹೊಲದ ತೆನೆ ಚೆನ್ನಾಗಿ ತುಂಬುತ್ತದೆ. ಆದ್ದರಿಂದ ಹೂವಾಡುವಾಗ ಕೀಟನಾಶಕ ಬೇಡ. ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಯ ನಂತರ ಸಿಂಪಡಿಸಿರಿ. ಜೇನು ಕಾಣದಿದ್ದರೆ ಬೆಳಗಿನ ಹೊತ್ತು ಮೃದು ಬಟ್ಟೆ ಸುತ್ತಿದ ಕೈಯಿಂದ ತೆನೆಗಳನ್ನು ಹಗುರವಾಗಿ ಸವರಿರಿ.

ಹೊಲದ ಹೂವು ಕೆಲವೇ ವಾರ; ಉಳಿದ ದಿನಗಳಲ್ಲಿ ಜೇನನ್ನು ಸಾಕುವುದು ಗುಡ್ಡದ ಹೊಂಗೆ, ಹುಣಸೆ, ಬೇವು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿಯಿಟ್ಟು, ಮಳೆಗಾಲದಲ್ಲಿ ಹೊಲದಲ್ಲಿ ಕಾಳು ಹುಡುಕಿದರೆ ಸಿಕ್ಕೀತೆ? ವಿದ್ಯಾರ್ಥಿಗಳೆ, ನಾಳೆ ಬೆಳಿಗ್ಗೆ ಒಂದು ಹೂವಿನ ಮುಂದೆ ಹತ್ತು ನಿಮಿಷ ಕುಳಿತು ಬಂದ ಜೇನುಗಳನ್ನು ಎಣಿಸಿರಿ. ಆ ಲೆಕ್ಕವನ್ನು ನಿಮ್ಮ ಮನೆಯ ಹಿರಿಯರಿಗೆ ತಿಳಿಸಿರಿ.