ಸಣ್ಣ ದೋಣಿ, ದೊಡ್ಡ ಕಡಲು: ಸಿದ್ಧತೆಯ ಪಾಠ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನಿಂದು ಆರಿಸಿಕೊಂಡ ವಿಷಯ ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಕೈಯಲ್ಲಿ ಹೆಚ್ಚು ಹಣವಿಲ್ಲದವರು ಸಣ್ಣ ಹಾಯಿದೋಣಿಯಲ್ಲಿ ಒಬ್ಬರೇ ಸಾಗರ ದಾಟಬೇಕಾದರೆ ಹೇಗೆ ಸಿದ್ಧರಾಗಬೇಕು? "ದೊಡ್ಡ ಕೆಲಸಕ್ಕೆ ದೊಡ್ಡ ದುಡ್ಡು ಬೇಕು ಸಾರ್" ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂದು ತೋರಿಸಲು ಕಡಲಿಗಿಂತ ಕಟ್ಟುನಿಟ್ಟಿನ ಪರೀಕ್ಷಕರು ಯಾರೂ ಇಲ್ಲ. ಅಲ್ಲಿ ಶಿಫಾರಸು ನಡೆಯುವುದಿಲ್ಲ.

ಮೊದಲು ಜೋಶುವಾ ಸ್ಲೋಕಮ್ ಅವರನ್ನು ನೋಡಿ. ಉಗಿ ಹಡಗುಗಳು ಬಂದು ಹಾಯಿ ಹಡಗುಗಳ ಕಾಲ ಮುಗಿಯುತ್ತಿದ್ದಾಗ ಕೆಲಸವಿಲ್ಲದೆ ಉಳಿದ ಕ್ಯಾಪ್ಟನ್ ಅವರು. ಅಮೆರಿಕದ ಫೇರ್‌ಹೇವನ್‌ನ ಒಂದು ಹೊಲದಲ್ಲಿ ಬಿದ್ದಿದ್ದ 'ಸ್ಪ್ರೇ' ಎಂಬ ಹಳೆಯ ದೋಣಿಯನ್ನು ಹಿರಿಯರೊಬ್ಬರು ಅವರಿಗೆ ಉಚಿತವಾಗಿ ಕೊಟ್ಟರು. 13 ತಿಂಗಳು ಸ್ವಂತ ಕೈಯಿಂದ ಅದನ್ನು ಮತ್ತೆ ಕಟ್ಟಿದರು. ಸಾಮಗ್ರಿಗೆ ತಗುಲಿದ ವೆಚ್ಚ 553 ಡಾಲರ್ 62 ಸೆಂಟ್. 1895ರ ಏಪ್ರಿಲ್ 24ರಂದು ಬಾಸ್ಟನ್‌ನಿಂದ ಹೊರಟು, 46,000 ಮೈಲಿ ಕ್ರಮಿಸಿ, 1898ರ ಜೂನ್ 27ರಂದು ಮರಳಿದರು. ಒಬ್ಬಂಟಿಯಾಗಿ ದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗರು ಅವರೇ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಸ್ಲೋಕಮ್ ಅವರ ಬಳಿಯಿದ್ದ ನಿಖರವಾದ ಹಡಗಿನ ಗಡಿಯಾರದ ರಿಪೇರಿಗೆ 15 ಡಾಲರ್ ಬೇಕಿತ್ತು. ಅವರು ಅದನ್ನು ಮನೆಯಲ್ಲೇ ಬಿಟ್ಟು, ಮುಖ ಒಡೆದಿದ್ದ ಒಂದು ತಗಡಿನ ಗಡಿಯಾರವನ್ನು ಒಂದು ಡಾಲರಿಗೆ ಕೊಂಡರು. ಆದರೆ ದೋಣಿಯ ತಳಕ್ಕೆ ಮಾತ್ರ ಗಟ್ಟಿ ಓಕ್ ಮರವನ್ನೇ ಕಡಿದು ತಂದರು. ಗಡಿಯಾರದಲ್ಲಿ ಉಳಿಸಬಲ್ಲವರಾಗಿದ್ದರು, ಏಕೆಂದರೆ ಚಂದ್ರನ ಸ್ಥಾನವನ್ನು ಅಳೆದು ರೇಖಾಂಶ ಕಂಡುಹಿಡಿಯುವ ವಿದ್ಯೆ ಅವರ ತಲೆಯಲ್ಲಿತ್ತು. ವಿದ್ಯೆಗೆ ತೂಕವಿಲ್ಲ, ಅದಕ್ಕೆ ದೋಣಿಯಲ್ಲಿ ಜಾಗವೂ ಬೇಡ. ತಳದಲ್ಲಿ ಉಳಿಸಲು ಆಗುತ್ತಿರಲಿಲ್ಲ. ಮಿತವ್ಯಯ ಬೇರೆ, ಜಿಪುಣತನ ಬೇರೆ.

ಎರಡನೆಯವರು ರಾಬರ್ಟ್ ಮ್ಯಾನ್ರಿ, ಕ್ಲೀವ್‌ಲ್ಯಾಂಡ್‌ನ ಪತ್ರಿಕೆಯೊಂದರಲ್ಲಿ ಪ್ರತಿ ತಿದ್ದುವ ನೌಕರ. ಅವರ 'ಟಿಂಕರ್‌ಬೆಲ್' ಕೇವಲ ಹದಿಮೂರೂವರೆ ಅಡಿಯ ಹಳೆಯ ದೋಣಿ. ನೀರು ತುಂಬಿದರೂ ಮುಳುಗದಂತೆ ಅದರೊಳಗೆ ಹಗುರವಾದ ಫೋಮ್ ತುಂಬಿದರು, ತಾವೇ ಪುಟ್ಟ ಕೋಣೆ ಕಟ್ಟಿದರು, ಈರಿ ಸರೋವರದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1965ರಲ್ಲಿ 78 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಇಂಗ್ಲೆಂಡ್ ತಲುಪಿದರು. ಅಲೆಗಳು ಅವರನ್ನು ಹಲವು ಬಾರಿ ನೀರಿಗೆಸೆದವು. ಪ್ರತಿ ಸಲವೂ ಜೀವ ಉಳಿಸಿದ್ದು ದೋಣಿಗೂ ದೇಹಕ್ಕೂ ಕಟ್ಟಿಕೊಂಡಿದ್ದ ಒಂದು ಹಗ್ಗ. ನಿದ್ದೆಗೆಟ್ಟಾಗ ಇಲ್ಲದ ಮನುಷ್ಯರು ಕಣ್ಣಿಗೆ ಕಾಣತೊಡಗಿದರು. ಅಂದರೆ ನಿದ್ದೆಯೂ ಸಿದ್ಧತೆಯ ಒಂದು ಭಾಗವೇ. ಒಬ್ಬರೇ ಇರುವಾಗ ಚುಕ್ಕಾಣಿ ತಾನಾಗಿ ನಿಲ್ಲುವ ಏರ್ಪಾಡು ಇರಲೇಬೇಕು. ಹಡಗುಗಳು ಓಡಾಡುವ ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತ ನೋಡಬೇಕು. ದಿಗಂತದಲ್ಲಿ ಕಂಡ ಹಡಗು ಅಷ್ಟರೊಳಗೆ ನಮ್ಮ ಮೇಲೆಯೇ ಬಂದುಬಿಡಬಲ್ಲದು.

ಈಗ ನೀರಿನ ಲೆಕ್ಕ. ಗಣಿತದ ವಿದ್ಯಾರ್ಥಿಗಳು ಗಮನಿಸಿ. ಕುಡಿಯಲು, ಅಡುಗೆಗೆ ದಿನಕ್ಕೆ 3 ಲೀಟರ್ ಎಂದಿಟ್ಟುಕೊಳ್ಳಿ. 60 ದಿನಕ್ಕೆ 180 ಲೀಟರ್. ಗಾಳಿ ಕೈಕೊಟ್ಟರೆ ಎಂದು ಅರ್ಧದಷ್ಟು ಹೆಚ್ಚುವರಿ ಸೇರಿಸಿ, ಒಟ್ಟು 270 ಲೀಟರ್. ಅದರ ತೂಕವೇ 270 ಕಿಲೋ! ಸಣ್ಣ ದೋಣಿಯಲ್ಲಿ ಇಷ್ಟು ಭಾರವನ್ನು ಕೆಳಗೆ, ನಡುವೆ, ಸಮನಾಗಿ ಹಂಚಬೇಕು. ಒಂದೇ ತೊಟ್ಟಿಯಲ್ಲಿ ಅಲ್ಲ, ಹಲವು ಕ್ಯಾನುಗಳಲ್ಲಿ ತುಂಬಬೇಕು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ.

ಈ ಪಾಠ ಕಲಿಸಿದ್ದು ನಮ್ಮ ದೇಶದಲ್ಲೇ ಹುಟ್ಟಿದ ದೋಣಿ 'ಸುಹೈಲಿ'. ಅರಬ್ ನಾವಿಕರು ಒಂದು ಗಾಳಿಗೆ ಇಟ್ಟ ಹೆಸರು ಅದು. ಉರ್ದುವಿನಲ್ಲಿ ನಾವು ಸುಹೈಲ್ ಎನ್ನುವ ನಕ್ಷತ್ರವೇ ಕನ್ನಡದ ಅಗಸ್ತ್ಯ ನಕ್ಷತ್ರ. ಮುಂಬಯಿಯಲ್ಲಿ ನಮ್ಮ ಬಡಗಿಗಳು ತೇಗದ ಮರದಿಂದ ಕಟ್ಟಿದ, ಸುಮಾರು 32 ಅಡಿಯ ದೋಣಿ. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರಿಗೆ ಹೊಸ ದೋಣಿ ಬೇಕಿತ್ತು, ಹಣ ಹೊಂದಲಿಲ್ಲ. ಇದ್ದುದನ್ನೇ ಸಜ್ಜುಗೊಳಿಸಿ, ಎಲ್ಲಿಯೂ ನಿಲ್ಲದೆ ಭೂಮಿ ಸುತ್ತುವ ಸ್ಪರ್ಧೆಗೆ 1968ರ ಜೂನ್ 14ರಂದು ಹೊರಟರು. ದಾರಿಯಲ್ಲಿ ತೊಟ್ಟಿಯ ನೀರು ಕೆಟ್ಟಿತು, ಮಳೆನೀರು ಹಿಡಿದರು. ರೇಡಿಯೋ ಕೈಕೊಟ್ಟಿತು. ಹಲಗೆಗಳ ಸಂದು ಸೋರಿತು, ಸಮುದ್ರಕ್ಕಿಳಿದು ಹತ್ತಿ ತುರುಕಿ ಮೊಳೆ ಹೊಡೆದರು. ತಮ್ಮ ದೋಣಿಯ ಪ್ರತಿ ಹಲಗೆಯ ಪರಿಚಯ ಅವರಿಗಿತ್ತು. 312 ದಿನಗಳ ನಂತರ ಮರಳಿದರು. ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ.

ಅದೇ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಕೂಡ ಇದ್ದರು. ಅವರ ದೋಣಿ ಸುಹೈಲಿಗಿಂತ ದೊಡ್ಡದು, ಹೊಚ್ಚ ಹೊಸದು. ಆದರೆ ಅದು ಸಾಲದ ದೋಣಿ. ಹಿಂದೆ ಸರಿದರೆ ದಿವಾಳಿಯಾಗುವಂಥ ಷರತ್ತು. ಕೆಲಸ ಮುಗಿಯದಿದ್ದರೂ ಗಡುವಿನ ಕೊನೆಯ ದಿನ, 1968ರ ಅಕ್ಟೋಬರ್ 31ರಂದು ಹೊರಟರು. ದೋಣಿ ಸೋರಿತು. ಮುಂದೆ ಹೋಗಲಾರರು, ಹಿಂದೆ ಬರಲಾರರು. ಕೊನೆಗೆ ತಾವಿಲ್ಲದ ಜಾಗಗಳ ಹೆಸರು ಹೇಳಿ ಸುಳ್ಳು ವರದಿ ಕಳಿಸಿದರು. 1969ರ ಜುಲೈ 10ರಂದು ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ಮನೆಯಲ್ಲಿ ಪತ್ನಿ, ನಾಲ್ವರು ಮಕ್ಕಳು. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಕ್ರೌಹರ್ಸ್ಟ್ ಅವರನ್ನು ನಾವು ಹಳಿಯುವುದು ಬೇಡ. ಅವರನ್ನು ಮುಳುಗಿಸಿದ್ದು ಬಡತನವಲ್ಲ. ಸಿದ್ಧವಾಗದೆ ಹೊರಟದ್ದು, "ನನ್ನಿಂದ ಈಗ ಆಗದು" ಎನ್ನಲು ಅವಕಾಶವೇ ಉಳಿಯದಂತೆ ಸಾಲ ಮಾಡಿಕೊಂಡದ್ದು.

ಹಾಗಾದರೆ ಕ್ರಮ ಯಾವುದು? ಮೊದಲು ಒಂದು ಹಗಲು, ಆಮೇಲೆ ಒಂದು ರಾತ್ರಿ, ಆಮೇಲೆ ಒಂದು ವಾರ ದೋಣಿಯಲ್ಲಿ ಕಳೆಯಬೇಕು. ಬಣ್ಣ, ಮೆತ್ತೆ, ಅಲಂಕಾರದಲ್ಲಿ ಉಳಿಸಬೇಕು. ತಳ, ಹಗ್ಗ, ಲಂಗರು, ನೀರು, ಅಪಾಯದ ಸುದ್ದಿ ಮುಟ್ಟಿಸುವ ಸಾಧನ ಇವುಗಳಲ್ಲಿ ಉಳಿಸಬಾರದು. ಸುಹೈಲಿಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ 'ತುರೀಯ' ದೋಣಿಯಲ್ಲಿ 2018ರಲ್ಲಿ ಬೆನ್ನು ಮುರಿದುಕೊಂಡ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ಸಂದೇಶ ಉಪಗ್ರಹದ ಮೂಲಕ ದಡ ಮುಟ್ಟಿತು, ಫ್ರೆಂಚ್ ಹಡಗೊಂದು ಅವರನ್ನು ಕಾಪಾಡಿತು. 2023ರಲ್ಲಿ ಅದೇ ಸ್ಪರ್ಧೆಯನ್ನು ಅವರು ಎರಡನೆಯವರಾಗಿ ಮುಗಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ದೋಣಿ ಸಣ್ಣದೆಂದು ಅಂಜಬೇಡಿ. ಸಣ್ಣ ದೋಣಿಯ ಹಾಯಿಯನ್ನು ಒಬ್ಬರೇ ಎಳೆಯಬಹುದು. ಆದರೆ ತಳವನ್ನು ತಟ್ಟಿ ನೋಡದೆ ಹೊರಡಬೇಡಿ. ಸೋರುತ್ತಿದ್ದರೆ ಮರಳಿ ಬನ್ನಿ. ಮರಳಿ ಬಂದವರನ್ನು ನೋಡಿ ನಗುವ ಅಭ್ಯಾಸವನ್ನು ದಡದಲ್ಲಿರುವ ನಾವು ಹಿರಿಯರೂ ಬಿಡಬೇಕು.